ಬಿಸಿಲಿದ್ದಲ್ಲಿಗೆ ಹೊತ್ತೊಯ್ಯುವ ಸೋಲಾರ್: ಮಲೆನಾಡಿನ ಒಂದು ಮನೆಯ ಲೆಕ್ಕ

ನಮ್ಮ ಮನೆಯ ಮಾಡಿಗೆ ಬಿಸಿಲು ತಾಗುವುದು ಬೆಳಿಗ್ಗೆ ಹತ್ತೂವರೆಯ ಮೇಲೆ. ಪೂರ್ವಕ್ಕೆ ಸೊಪ್ಪಿನಬೆಟ್ಟ, ಪಶ್ಚಿಮಕ್ಕೆ ಎರಡು ದೊಡ್ಡ ಹಲಸಿನ ಮರ, ಕೆಳಗೆ ಅಡಿಕೆ ತೋಟ. ಮಧ್ಯಾಹ್ನ ಎರಡೂವರೆಗೆಲ್ಲ ಹಲಸಿನ ನೆರಳು ಹಂಚಿನ ಮೇಲೆ ಹತ್ತಿ ಕೂರುತ್ತದೆ. ಸೋಲಾರ್ ಹಾಕಿಸಬೇಕೆಂದು ಶಿರಸಿಯಿಂದ ಕರೆಸಿದ ಇಬ್ಬರೂ ಒಂದೇ ಮಾತು ಹೇಳಿದರು: ಮರ ಕಡಿಸಿ, ಆಮೇಲೆ ನೋಡೋಣ. ಮಾವ ಕೈಯಾರೆ ನೆಟ್ಟ ಮರಗಳವು. ಕಡಿಸುವ ಮಾತೇ ಇರಲಿಲ್ಲ. ಆದರೆ ಅದೇ ಮನೆಯೆದುರಿನ ಅಡಿಕೆ ಅಂಗಳದಲ್ಲಿ ಎಂಟು ಗಂಟೆಗೇ ಬಿಸಿಲಿರುತ್ತದೆ. ಕೊಟ್ಟಿಗೆಯಾಚೆಯ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಸಂಜೆ ಐದರವರೆಗೂ ಇರುತ್ತದೆ. ಸುಲಿದ ಅಡಿಕೆಯನ್ನು ಯಾವ ತಿಂಗಳು ಎಲ್ಲಿ ಹರವಬೇಕೆಂದು ಈ ಮನೆಯಲ್ಲಿ ಮೂರು ತಲೆಮಾರಿಗೆ ಗೊತ್ತು. ಪ್ಯಾನೆಲ್ ಇಡುವ ಜಾಗವೂ ಅದೇ. ಎತ್ತಿಕೊಂಡು ಹೋಗಿ ಇಡಬಹುದಾದ ಪ್ಯಾನೆಲ್ ಕೊಂಡದ್ದು ಹಾಗೆ. ಅದಕ್ಕೀಗ ನಾಲ್ಕು ಮಳೆಗಾಲ ತುಂಬಿದೆ.

ಕೊಳ್ಳಲೇಬೇಕೆಂಬ ಹಟ ಹುಟ್ಟಿದ್ದು ಅದರ ಹಿಂದಿನ ಜುಲೈಯಲ್ಲಿ. ಗಾಳಿಮಳೆಗೆ ಮತ್ತಿಮರವೊಂದು ಲೈನಿನ ಮೇಲೆ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಮಾವನಿಗೆ ಉಬ್ಬಸ. ಮೂರನೆಯ ರಾತ್ರಿ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಚ್ಚಬೇಕೆಂದರೆ ಇನ್ವರ್ಟರಿನಲ್ಲಿ ಏನೂ ಉಳಿದಿರಲಿಲ್ಲ. ಹನ್ನೊಂದು ಗಂಟೆಗೆ ನೆರೆಮನೆಯವರ ಜೀಪಿನಲ್ಲಿ ಅವರನ್ನು ಪೇಟೆಗೆ ಸಾಗಿಸಿದೆವು. ದಾರಿಯುದ್ದಕ್ಕೂ ಜೀಪಿನ ಸದ್ದನ್ನು ಮೀರಿ ಅವರ ಎದೆಯ ಸಿಳ್ಳು ನನಗೆ ಕೇಳಿಸುತ್ತಿತ್ತು. ನಮಗೆ ನೀರಿನ ಚಿಂತೆ ಇರಲಿಲ್ಲ, ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಒಲೆಗೆ ಒಣ ಕಟ್ಟಿಗೆ ಇತ್ತು. ಆ ರಾತ್ರಿ ಬೇಕಾಗಿದ್ದದ್ದು ಹತ್ತು ನಿಮಿಷದ ಕರೆಂಟ್.

ಆದ್ದರಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು, ಅಂಗಡಿಗೆ ಹೋಗಬೇಡಿ, ಹಾಳೆ ತೆಗೆದುಕೊಂಡು ಕೂರಿ ಎಂದು. ಎಷ್ಟು ವ್ಯಾಟಿನ ಪ್ಯಾನೆಲ್ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ರಾತ್ರಿಗಳಲ್ಲಿದೆ. ಉಪಕರಣದ ವ್ಯಾಟನ್ನು ಅದು ಉರಿಯುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಸಾವಿರ ವ್ಯಾಟ್-ಅವರ್ ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ನನ್ನ ಹಾಳೆ ಹೀಗಿತ್ತು. 5 ವ್ಯಾಟಿನ ಮೂರು ದೀಪ, ಐದೈದು ಗಂಟೆ: 75. ಎರಡು ಮೊಬೈಲ್ ಒಂದೊಂದು ಸಲ ಪೂರ್ತಿ ತುಂಬಲು: 45. ಇಂಟರ್ನೆಟ್ ಪೆಟ್ಟಿಗೆ 10 ವ್ಯಾಟ್, ಆರು ಗಂಟೆ: 60. ನೆಬ್ಯುಲೈಸರಿನ ತಳದಲ್ಲಿ 150 ವ್ಯಾಟ್ ಎಂದು ಬರೆದಿತ್ತು. ಹತ್ತು ನಿಮಿಷದಂತೆ ದಿನಕ್ಕೆ ಎರಡು ಸಲ: 50. ಒಟ್ಟು 230. ತಂತಿಯಲ್ಲಿ, ಬ್ಯಾಟರಿಯಲ್ಲಿ, ಪರಿವರ್ತಕದಲ್ಲಿ ಸೋರಿಹೋಗುವುದಕ್ಕೆ ಐದರಲ್ಲೊಂದು ಭಾಗ ಸೇರಿಸಿದರೆ ದಿನಕ್ಕೆ ಸುಮಾರು 280.

ಹಾಳೆ ನೋಡುತ್ತಾ ಕೂತಾಗ ಕಣ್ಣಿಗೆ ಹೊಡೆದದ್ದು ಆ 150 ವ್ಯಾಟ್. ಅದೊಂದಕ್ಕಾಗಿಯೇ ಇನ್ವರ್ಟರ್ ಬೇಕಾಗುತ್ತಿತ್ತು. ವೈದ್ಯರನ್ನು ಕೇಳಿ, ಯುಎಸ್‌ಬಿಯಿಂದ ನಡೆಯುವ, ಅಂಗೈಯಗಲದ ಮೆಶ್ ನೆಬ್ಯುಲೈಸರ್ ತಂದೆವು. ಅದು ಎಳೆಯುವುದು ಎರಡು ಮೂರು ವ್ಯಾಟ್ ಮಾತ್ರ. ದಿನದ ಬೇಡಿಕೆ 280ರಿಂದ 216ಕ್ಕೆ ಇಳಿಯಿತು. ಯಂತ್ರ ಚಿಕ್ಕದಾದರೆ ಪ್ಯಾನೆಲ್, ಬ್ಯಾಟರಿ, ತಂತಿ ಎಲ್ಲವೂ ಚಿಕ್ಕದಾಗುತ್ತವೆ. ಫ್ಯಾನ್ ವಿಷಯವೂ ಹೀಗೆಯೇ: ಹಳೆಯ ಸೀಲಿಂಗ್ ಫ್ಯಾನ್ 70-75 ವ್ಯಾಟ್ ತಿಂದರೆ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲಿ ತಿರುಗುತ್ತದೆ. ಬಯಲುಸೀಮೆಯವರು ಏಪ್ರಿಲ್ ರಾತ್ರಿಗೆ ಲೆಕ್ಕ ಹಾಕುವುದಾದರೆ ಮೊದಲು ಫ್ಯಾನ್ ಬದಲಿಸಿ, ಆಮೇಲೆ ಸೋಲಾರ್ ಕೊಳ್ಳಿ. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಅನ್ನದ ಕುಕ್ಕರ್, ನೀರು ಕಾಯಿಸುವ ರಾಡ್ ಇವನ್ನು ಹಾಳೆಯ ಮೇಲೆ ಬರೆಯಲೇಬೇಡಿ. ಹೊತ್ತೊಯ್ಯುವ ಸೋಲಾರ್ ಆ ಕೆಲಸಕ್ಕಲ್ಲ.

ಕರ್ನಾಟಕದ ಹಳ್ಳಿಗಳಿಗೆ ಈ ಲೆಕ್ಕ ಹೊಸದಲ್ಲ. ಹರೀಶ್ ಹಂದೆ ಅವರ ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳು ಬ್ಯಾಂಕ್ ಸಾಲದ ಮೇಲೆ ಎರಡು ದೀಪದ, ನಾಲ್ಕು ದೀಪದ ಸೋಲಾರ್ ಹಾಕಿಸಿಕೊಂಡವು. ಆಗ ಜನ ವ್ಯಾಟ್ ಕೇಳುತ್ತಿರಲಿಲ್ಲ, ಎಷ್ಟು ದೀಪ ಎಂದು ಕೇಳುತ್ತಿದ್ದರು. ಅದು ಸರಿಯಾದ ಪ್ರಶ್ನೆ.

ಈಗ ಎದುರಿನ ತಕ್ಕಡಿ. 100 ವ್ಯಾಟ್ ಪ್ಯಾನೆಲ್ ಎಂದರೆ ನೂರು ವ್ಯಾಟ್ ಸಿಗುತ್ತದೆಂದಲ್ಲ. ಆ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಬಿಲ್ಲೆಯ (ಪ್ಯಾನೆಲಿನೊಳಗಿನ ಒಂದೊಂದು ಸೋಲಾರ್ ಸೆಲ್) ಉಷ್ಣತೆ 25 ಡಿಗ್ರಿ ಇಟ್ಟು ಅಳೆದಿರುತ್ತಾರೆ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಬಿಲ್ಲೆ 60 ಡಿಗ್ರಿ ಮುಟ್ಟುತ್ತದೆ. ಡಿಗ್ರಿಗೆ ಸುಮಾರು ಶೇ 0.35ರಂತೆ ಇಳಿದರೆ ಬಿಸಿಗೇ ಶೇ 12 ಹೋಯಿತು. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಕೂತು ಚಾರ್ಜ್ ನಿಯಂತ್ರಿಸುವ ಕಂಟ್ರೋಲರಿನ ಪರದೆ ನೋಡಿ ನಾನು ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಲೆಕ್ಕದಲ್ಲಿ, ಜನವರಿಯ ನಿಚ್ಚಳ ದಿನ ನನ್ನ 100 ವ್ಯಾಟ್ ಪ್ಯಾನೆಲ್ 400ರಿಂದ 450 ವ್ಯಾಟ್-ಅವರ್ ಕೊಟ್ಟಿದೆ. ಜುಲೈಯಲ್ಲಿ ಮಳೆ ಹಿಡಿದ ದಿನ ಸುಮಾರು 100. ಜಡಿಮಳೆಯ ಎರಡು ದಿನ 40 ಮಾತ್ರ. ಆ ಜುಲೈಯ ನೂರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳಬೇಕು. ಜಾಹೀರಾತಿನವರು ತೋರಿಸುವುದು ಜನವರಿಯ ಬಿಸಿಲು. ನಮಗೆ ಕರೆಂಟ್ ಹೋಗುವುದು ಆಷಾಢದಲ್ಲಿ.

ಹಾಗಾದರೆ ದಿನಕ್ಕೆ 216 ಬೇಕು, ಬರುವುದು 100. ಐದು ದಿನಕ್ಕೆ 1080 ಬೇಕು, ಪ್ಯಾನೆಲ್ ಕೊಡುವುದು 500, ಉಳಿದ 580 ಬ್ಯಾಟರಿಯಲ್ಲಿ ಮೊದಲೇ ತುಂಬಿರಬೇಕು. 12.8 ವೋಲ್ಟಿನ 50 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ, ಎರಡನ್ನೂ ಗುಣಿಸಿದರೆ, 640 ವ್ಯಾಟ್-ಅವರ್ ಇರುತ್ತದೆ. ಅದರ ಶೇ 90ರವರೆಗೆ ಬಳಸಿದರೆ 576. ನನ್ನ ಲೆಕ್ಕ ಅಲ್ಲಿಗೆ ಕೂಡಿತು. ಮಳೆಗಾಲದಲ್ಲಿ ಬ್ಯಾಟರಿಯನ್ನು ಕರೆಂಟ್ ಇದ್ದಾಗಲೇ ಚಾರ್ಜರ್ ಹಚ್ಚಿ ತುಂಬಿಟ್ಟಿರುತ್ತೇನೆ. ಕತ್ತಲಾದ ಮೇಲೆ ಸೋಲಾರಿನ ಕಡೆ ಓಡಿ ಪ್ರಯೋಜನವಿಲ್ಲ. ಪ್ಯಾನೆಲ್ ಮಾಡುವುದು ಬ್ಯಾಟರಿಯ ಮೂರು ದಿನವನ್ನು ಐದು ದಿನಕ್ಕೆ ಎಳೆಯುವ ಕೆಲಸ.

ಪ್ಯಾನೆಲ್‌ಗಳಲ್ಲಿ ಹೊತ್ತೊಯ್ಯುವಂಥವು ಎರಡು ಬಗೆ. ಬಟ್ಟೆಯ ಚೀಲದಂತೆ ಮಡಚುವವು, ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನವು. ಮಡಚುವುದು 100 ವ್ಯಾಟಿಗೆ ನಾಲ್ಕೈದು ಕಿಲೋ, ಗಾಜಿನದು ಆರೇಳು ಕಿಲೋ. ತೂಕದಲ್ಲಿ ಅಂಥ ಅಂತರವಿಲ್ಲ, ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರವಿದೆ. ಬಸ್ಸಿನಲ್ಲಿ ಒಯ್ಯುವವರು, ಚಾರಣಕ್ಕೆ ಹೋಗುವವರು, ಬಾಡಿಗೆ ಮನೆಯ ಬಾಲ್ಕನಿಯವರು ಮಡಚುವುದನ್ನೇ ಕೊಳ್ಳಬೇಕು, ಬೇರೆ ದಾರಿಯಿಲ್ಲ. ಅದರಲ್ಲೂ ಮೇಲಿನ ಪ್ಲಾಸ್ಟಿಕ್ ಪದರ ಪಿಇಟಿ ಅಲ್ಲದೆ ಇಟಿಎಫ್‌ಇ ಇರುವುದನ್ನು ಆರಿಸಿ; ಪಿಇಟಿ ಬಿಸಿಲಿಗೆ ಬೇಗ ಹಳದಿ ತಿರುಗಿ ಸಿಪ್ಪೆ ಏಳುತ್ತದೆ. ಆದರೆ ಮನೆಯ ಅಂಗಳದಿಂದ ಬೇಣಕ್ಕೆ, ಬೇಣದಿಂದ ಕೊಟ್ಟಿಗೆಗೆ ಒಯ್ಯುವ ನನ್ನಂಥವರಿಗೆ ಗಾಜಿನದೇ ಸರಿ. ಮಡಚುವ ಪ್ಯಾನೆಲಿನ ಹೊಲಿಗೆ ಮತ್ತು ಜಿಪ್ಪಿಗೆ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಅದರ ಯುಎಸ್‌ಬಿ ಡಬ್ಬಿಗೆ ನೀರು ಇಳಿಯುವ ಭಯ ಬೇರೆ. ಗಾಜಿನದನ್ನು ಮಳೆಯಲ್ಲಿ ಬಿಟ್ಟು ಒಳಗೆ ಬಂದು ಊಟ ಮಾಡಬಹುದು.

ವ್ಯಾಟಿನ ಸುಳ್ಳನ್ನು ಹಿಡಿಯಲು ಅಳತೆಪಟ್ಟಿ ಸಾಕು. ಈಗಿನ ಒಳ್ಳೆಯ ಮೊನೊ ಬಿಲ್ಲೆಗಳು ಬಿದ್ದ ಬೆಳಕಿನ ಶೇ 20ರಿಂದ 23ರಷ್ಟನ್ನು ಕರೆಂಟ್ ಮಾಡುತ್ತವೆ. ಅಂದರೆ ಒಂದು ಚದರ ಮೀಟರ್ ಬಿಲ್ಲೆಗೆ 200ರಿಂದ 230 ವ್ಯಾಟ್. ನನ್ನ ತಂಗಿ ಆನ್‌ಲೈನಿನಲ್ಲಿ 200 ವ್ಯಾಟ್ ಎಂದು ತರಿಸಿದ ಮಡಚುವ ಪ್ಯಾನೆಲನ್ನು ಬಿಡಿಸಿ, ಅಂಚು ಬಿಟ್ಟು ಕಪ್ಪು ಬಿಲ್ಲೆಗಳಷ್ಟನ್ನೇ ಅಳೆದೆವು. 0.45 ಚದರ ಮೀಟರ್ ಬಂತು. ಯಾವ ಬಿಸಿಲಿಗೆ ಹಿಡಿದರೂ ಅದು ನೂರರ ಮೇಲೆ ಕೊಡಲು ಸಾಧ್ಯವೇ ಇರಲಿಲ್ಲ, ಕೊಟ್ಟದ್ದು 80. ಚಿತ್ರ ತೆಗೆದು ಬರೆದ ಮೇಲೆ ಹಣ ವಾಪಸು ಬಂತು. ಬೆನ್ನಿಗೆ ಅಂಟಿಸಿದ ಚೀಟಿಯನ್ನೂ ಓದಿ. 12 ವೋಲ್ಟ್ ಬ್ಯಾಟರಿಗೆಂದು ಮಾಡಿದ 100 ವ್ಯಾಟಿನದರಲ್ಲಿ ಕೆಲಸದ ವೋಲ್ಟೇಜ್ 18ರ ಸುತ್ತ, ಏನೂ ಹಚ್ಚದಿದ್ದಾಗಿನ ಖಾಲಿ ವೋಲ್ಟೇಜ್ 22ರ ಸುತ್ತ, ಕರೆಂಟ್ ಐದೂವರೆ ಆಂಪಿಯರ್ ಸುತ್ತ ಇರಬೇಕು. ಐಎಸ್ 14286 ಎಂಬ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇರಲಿ. ಬಿಲ್ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ಮಲ್ಟಿಮೀಟರ್ ಒಯ್ಯಿರಿ, ಪ್ಯಾನೆಲನ್ನು ಬೀದಿಯ ಬಿಸಿಲಿಗೆ ತನ್ನಿ. ಮೊದಲು ವೋಲ್ಟ್ ನೋಡಿ. ಆಮೇಲೆ ಪ್ಯಾನೆಲಿನ ಮುಖಕ್ಕೆ ಬಟ್ಟೆ ಮುಚ್ಚಿ, ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಎರಡೂ ತುದಿಗೆ ಹಚ್ಚಿ, ಬಟ್ಟೆ ತೆಗೆಯಿರಿ. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಚೀಟಿಯ ಮೇಲಿನ ಶಾರ್ಟ್ ಸರ್ಕಿಟ್ ಕರೆಂಟಿನ ಹತ್ತಿರ ಬಂದರೆ ಬಿಲ್ಲೆಗಳು ಪ್ರಾಮಾಣಿಕ. ಹೀಗೆ ಕ್ಷಣಕಾಲ ತುದಿ ಕೂಡಿಸಿದರೆ ಪ್ಯಾನೆಲ್ ಕೆಡುವುದಿಲ್ಲ. ಬ್ಯಾಟರಿಗೆ ಮಾತ್ರ ಈ ಪರೀಕ್ಷೆಯನ್ನು ಯಾವ ಕಾಲಕ್ಕೂ ಮಾಡಬೇಡಿ, ಕೈ ಸುಡುತ್ತದೆ.

ನೆರಳಿನ ವಿಷಯವನ್ನು ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಮನೆಗೆ ಬಂದವರಿಗೆ ನಾನು ಹಲಸಿನ ಎಲೆ ಇಟ್ಟು ತೋರಿಸುತ್ತೇನೆ. ಫೆಬ್ರವರಿಯ ಒಂದು ಹನ್ನೆರಡು ಗಂಟೆ. ಪ್ಯಾನೆಲ್ ಅಂಗಳದಲ್ಲಿ, ಕಂಟ್ರೋಲರಿನ ಪರದೆಯ ಮೇಲೆ ಬ್ಯಾಟರಿಗೆ ಹೋಗುತ್ತಿರುವ ಕರೆಂಟ್ 5.8 ಆಂಪಿಯರ್. ಮರದಡಿಯಿಂದ ಹಣ್ಣೆಲೆಯೊಂದನ್ನು ಹೆಕ್ಕಿ ಒಂದು ಬಿಲ್ಲೆಯ ಮೇಲೆ ಇಟ್ಟೆ. ಬಿಲ್ಲೆಯ ಅರ್ಧ ಮುಚ್ಚಿತು. ಪರದೆ 2.9ಕ್ಕೆ ಇಳಿಯಿತು. ಇನ್ನೊಂದು ಎಲೆಯನ್ನು ಪಕ್ಕದಲ್ಲಿಟ್ಟು ಆ ಒಂದು ಬಿಲ್ಲೆಯನ್ನು ಪೂರ್ತಿ ಮುಚ್ಚಿದೆ. 0.3. ಮೂವತ್ತಾರು ಬಿಲ್ಲೆಗಳಲ್ಲಿ ಮೂವತ್ತೈದರ ಮೇಲೆ ಬಿಸಿಲು ಹೊಡೆಯುತ್ತಿದೆ, ಬ್ಯಾಟರಿಗೆ ಹೋಗುತ್ತಿರುವುದು ಏನೂ ಇಲ್ಲವೆನ್ನುವಷ್ಟು. ನೋಡುತ್ತಿದ್ದ ಪಕ್ಕದ ಮನೆಯವರು ಬಗ್ಗಿ ತಾವೇ ಎಲೆ ತೆಗೆದು, ಮತ್ತೆ ಇಟ್ಟು, ಮತ್ತೆ ತೆಗೆದು ನೋಡಿದರು.

ಕಾರಣ ಸರಳ. ಬಿಲ್ಲೆಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಜೋಡಿಸಲ್ಪಟ್ಟಿರುತ್ತವೆ. ತೋಟದಿಂದ ಸಾಲಾಗಿ ನಿಂತು ಬುಟ್ಟಿ ದಾಟಿಸುವಾಗ ನಡುವಿನ ಒಬ್ಬರು ನಿಂತರೆ ಎಲ್ಲರ ಕೈಯೂ ನಿಲ್ಲುತ್ತದಲ್ಲ, ಹಾಗೆ. ಬೆನ್ನಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್‌ಗಳಿರುತ್ತವೆ, ನೆರಳು ಬಿದ್ದ ಅರ್ಧ ಸಾಲನ್ನು ಅವು ದಾಟಿಸುತ್ತವೆ. ಆದರೆ ಉಳಿದ ಅರ್ಧದಿಂದ ಬರುವುದು 9 ವೋಲ್ಟ್. 13 ವೋಲ್ಟಿನ ಬ್ಯಾಟರಿಯೊಳಗೆ ಅದು ಹತ್ತಲಾರದು. ಮಡಚುವ ಪ್ಯಾನೆಲಿನ ಹಾಳೆಗಳನ್ನು ಕೆಲವು ಕಂಪನಿಗಳು ಸಾಲಾಗಿ (ಸೀರೀಸ್), ಕೆಲವು ಪಕ್ಕಪಕ್ಕವಾಗಿ (ಪ್ಯಾರಲಲ್) ಜೋಡಿಸುತ್ತವೆ. ಒಂದು ಹಾಳೆಯನ್ನು ಟವೆಲಿನಿಂದ ಮುಚ್ಚಿ ನೋಡಿದರೆ ನಿಮ್ಮದು ಯಾವುದೆಂದು ಗೊತ್ತಾಗುತ್ತದೆ. ಒಂದು ಹಾಳೆಯ ಪಾಲು ಮಾತ್ರ ಕಡಿಮೆಯಾದರೆ ಪಕ್ಕಪಕ್ಕದ ಜೋಡಣೆ. ಕಾಲು ಭಾಗ ನೆರಳಿರುವ ಬಾಲ್ಕನಿಗೆ ಅದೇ ಬೇಕು.

ಹಾಗಾಗಿ ಪ್ಯಾನೆಲ್ ಹೊತ್ತು ನಡೆಯುವ ಶ್ರಮಕ್ಕೆ ಬೆಲೆಯಿದೆ. ನಮ್ಮ ಮನೆಯಲ್ಲಿ ಎಂಟಕ್ಕೆ ಅಂಗಳದ ಪೂರ್ವದ ಮೂಲೆ, ಹನ್ನೊಂದಕ್ಕೆ ಅಂಗಳದ ನಡು, ಎರಡಕ್ಕೆ ಬೇಣ. ದಿನಕ್ಕೆ ಮೂರು ಸಲ. ದನ ಬಿಡುವ, ಕಟ್ಟುವ ಹೊತ್ತಿಗೇ ಅದನ್ನು ಹೊಂದಿಸಿಕೊಂಡಿದ್ದೇನೆ. ಪಟ್ಟಣದ ವೆಲ್ಡರ್ ಮಾಡಿಕೊಟ್ಟ ಕಬ್ಬಿಣದ ಕಾಲಿಗೆ ಮೂರು ತೂತುಗಳಿವೆ: ಹೆಚ್ಚುಕಡಿಮೆ ಮಲಗಿದ್ದು, 15 ಡಿಗ್ರಿ, 40 ಡಿಗ್ರಿ. ಶಿರಸಿ ಇರುವುದು ಉತ್ತರ ಅಕ್ಷಾಂಶ ಹದಿನಾಲ್ಕೂವರೆಯ ಹತ್ತಿರ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ತುಂಬ ವಾಲಿರುತ್ತಾನೆ, ಆಗ 40ರ ತೂತು. ಮಾರ್ಚ್ ಮತ್ತು ಸೆಪ್ಟೆಂಬರಿಗೆ 15. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಊರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆಗಲೂ ದಕ್ಷಿಣಕ್ಕೇ ಎತ್ತಿ ನಿಲ್ಲಿಸಿದರೆ ನಷ್ಟ, ಮಲಗಿಸಿಬಿಡಿ, ನೀರು ಜಾರಲು ತುಸು ಓರೆ ಇದ್ದರೆ ಸಾಕು. ಕೋನ ಅಳೆಯುವ ಉಪಕರಣ ಬೇಡ. ಗಾಜಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ. ನೆರಳು ಪೆನ್ಸಿಲಿನ ಬುಡದಲ್ಲೇ ಅಡಗಿದರೆ ಪ್ಯಾನೆಲ್ ಸೂರ್ಯನಿಗೆ ನೇರವಾಗಿದೆ.

ಮೋಡದ ದಿನ ಈ ಲೆಕ್ಕವೇ ಬೇರೆ. ಬೆಳಕು ಒಂದು ಕಡೆಯಿಂದ ಬರದೆ ಇಡೀ ಆಕಾಶದಿಂದ ಇಳಿಯುತ್ತದೆ. ಆಗ ಸೂರ್ಯನನ್ನು ಹುಡುಕುವ ಬದಲು, ಹೆಚ್ಚು ಆಕಾಶ ಕಾಣುವ ಜಾಗದಲ್ಲಿ ಪ್ಯಾನೆಲ್ ಮಲಗಿಸಬೇಕು. ಜುಲೈಯಲ್ಲಿ ಅಂಗಳದಲ್ಲಿ 70 ಬಂದ ದಿನಗಳಂಥ ದಿನಗಳಲ್ಲೇ ಬೇಣದ ನೆತ್ತಿಯಲ್ಲಿ ನೂರು ಬಂದಿದೆ. ಮಳೆಗಾಲದಲ್ಲಿ ಬೆಳಿಗ್ಗೆ ಒಮ್ಮೆ ಅಲ್ಲಿ ಇಟ್ಟು ಬಂದರೆ ಸಂಜೆಯವರೆಗೆ ಅಲುಗಿಸುವುದಿಲ್ಲ. ಗಾಳಿಗೆ ಕಾಲುಗಳಿಗೆ ತೆಂಗಿನ ಹಗ್ಗ ಕಟ್ಟಿ ಗೂಟ ಹೊಡೆಯುತ್ತೇನೆ. ಅರ್ಧ ಚದರ ಮೀಟರ್ ಗಾಜಿಗೆ ಗಾಳಿ ಹಾಯಿಯಂತೆ ತುಂಬಿಕೊಳ್ಳುತ್ತದೆ. ಮಂಗಗಳು ತಂತಿ ಎಳೆಯುತ್ತವೆ, ಆದ್ದರಿಂದ ತಂತಿಯನ್ನು ಹಳೆಯ ನೀರಿನ ಪೈಪಿನೊಳಗೆ ಹಾಯಿಸಿದ್ದೇನೆ. ಬೇಸಿಗೆಯಲ್ಲಿ ಸಿಮೆಂಟ್ ಅಂಗಳಕ್ಕೆ ಅಂಟಿಸಿ ಮಲಗಿಸಬೇಡಿ, ಕೆಳಗೆ ಗಾಳಿ ಆಡಿದರೆ ಪ್ಯಾನೆಲ್ ತಂಪಾಗಿರುತ್ತದೆ. ಒರೆಸುವುದು ಬೆಳ್ಳಂಬೆಳಿಗ್ಗೆ, ಬರೀ ನೀರು ಮತ್ತು ಮೆತ್ತನೆ ಬಟ್ಟೆ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬಾರದು. ಮಳೆಗಾಲ ಮುಗಿದಾಗ ಕೆಳ ಅಂಚಿನ ಚೌಕಟ್ಟಿನ ಸಂದಿಯಲ್ಲಿ ಪಾಚಿಯ ಗೆರೆ ಕೂತಿರುತ್ತದೆ. ಅದು ಕೊನೆಯ ಸಾಲಿನ ಬಿಲ್ಲೆಗಳನ್ನು ತಿನ್ನುವ ನೆರಳು, ಉಗುರಿನಿಂದಲಾದರೂ ಕೆರೆದು ತೆಗೆಯಿರಿ.

ಬ್ಯಾಟರಿಯಲ್ಲಿ ನನ್ನ ಆಯ್ಕೆ ಲಿಥಿಯಂ ಐರನ್ ಫಾಸ್ಫೇಟ್. 50 ಆಂಪಿಯರ್-ಅವರಿನದು ಸುಮಾರು ಆರು ಕಿಲೋ, ಒಂದು ಕೈಯಲ್ಲಿ ಹಿಡಿದು ಬೇಣಕ್ಕೆ ಹೋಗಬಹುದು. ಅಷ್ಟೇ ಕೆಲಸ ಮಾಡುವ ಸೀಸದ ಬ್ಯಾಟರಿ ನೂರು ಆಂಪಿಯರ್-ಅವರಿನದಾಗಬೇಕು, ಏಕೆಂದರೆ ಸೀಸದ್ದನ್ನು ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಬೇಗ ಸಾಯುತ್ತದೆ. ಅದರ ತೂಕ ಮೂವತ್ತು ಕಿಲೋದ ಹತ್ತಿರ. ಪವರ್ ಸ್ಟೇಷನ್ ಎಂದು ಮಾರುವ ಪೆಟ್ಟಿಗೆಗಳಲ್ಲಿ ಬ್ಯಾಟರಿ, ಕಂಟ್ರೋಲರ್, ಇನ್ವರ್ಟರ್ ಎಲ್ಲವೂ ಒಟ್ಟಿಗಿರುತ್ತವೆ. ತಂತಿ ಜೋಡಣೆ ಬೇಡವೆನ್ನುವವರಿಗೆ ಒಳ್ಳೆಯದೇ. ಆದರೆ ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆ ಊರು ಬಿಟ್ಟು ರಿಪೇರಿಗೆ ಹೋಗಬೇಕು. ಹಳ್ಳಿಯಲ್ಲಿ ಬಿಡಿಬಿಡಿಯಾಗಿ ಕೊಂಡದ್ದನ್ನು ಬಿಡಿಬಿಡಿಯಾಗಿಯೇ ಬದಲಿಸಿಕೊಳ್ಳಬಹುದು. ಪೆಟ್ಟಿಗೆಯ ಮೇಲೆ ಒಂದು ಲಕ್ಷ ಎಂಎಎಚ್ (ಮಿಲಿ ಆಂಪಿಯರ್-ಅವರ್, ಅಂದರೆ ನೂರು ಆಂಪಿಯರ್-ಅವರ್) ಎಂದು ಬರೆದಿದ್ದರೆ ಬೆರಗಾಗಬೇಡಿ. ಆ ಲೆಕ್ಕ ಒಳಗಿನ ಒಂದು ಕೋಶದ 3.2 ವೋಲ್ಟಿನದು, ಗುಣಿಸಿದರೆ 320 ವ್ಯಾಟ್-ಅವರ್ ಅಷ್ಟೇ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್. ಎಲ್ಲವನ್ನೂ ವ್ಯಾಟ್-ಅವರಿಗೆ ತಂದು ಹೋಲಿಸಿ.

ಪೆಟ್ಟಿಗೆಯ ಸೋಲಾರ್ ಇನ್‌ಪುಟ್ ಎಷ್ಟು ವೋಲ್ಟಿನವರೆಗೆ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. 28 ವೋಲ್ಟ್ ಮಿತಿಯ ಪೆಟ್ಟಿಗೆಗೆ ಎರಡು ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಖಾಲಿ ವೋಲ್ಟೇಜ್ 44 ಆಗಿ ಒಳಗೆ ಸುಟ್ಟುಹೋಗುತ್ತದೆ. ಅಂಥಲ್ಲಿ ಪಕ್ಕಪಕ್ಕ ಜೋಡಿಸಬೇಕು. ಮಾಡಿನ ಮೇಲೆ ಹಾಕುವ ದೊಡ್ಡ ಪ್ಯಾನೆಲಿನ ಒಂದೇ ಹಾಳೆಯಲ್ಲಿ ಐವತ್ತರ ಹತ್ತಿರ ವೋಲ್ಟ್ ಇರುತ್ತದೆ. ಕಳೆದ ಏಪ್ರಿಲಿನಲ್ಲಿ ಭಾವನ ಮಗ ತಂದ ಪೆಟ್ಟಿಗೆಯನ್ನು ಪ್ಯಾನೆಲ್ ಪಕ್ಕದಲ್ಲೇ ಅಂಗಳದ ಬಿಸಿಲಿಗೆ ಇಟ್ಟಿದ್ದ. ಹನ್ನೆರಡಕ್ಕೆ ಚಾರ್ಜ್ ನಿಂತಿತು. ಲಿಥಿಯಂ ಕೋಶ 45 ಡಿಗ್ರಿ ದಾಟಿದರೆ ಒಳಗಿನ ಕಾವಲು ಮಂಡಲ ಚಾರ್ಜ್ ಕಡಿದುಹಾಕುತ್ತದೆ. ಕೊಟ್ಟಿಗೆಯ ನೆರಳಿಗೆ ತಂದು ಒಂದು ಗಂಟೆ ಬಿಟ್ಟ ಮೇಲೆ ಮತ್ತೆ ಶುರುವಾಯಿತು. ಪ್ಯಾನೆಲ್ ಬಿಸಿಲಿಗೆ, ಬ್ಯಾಟರಿ ನೆರಳಿಗೆ, ನಡುವೆ ತಂತಿ.

ಆ ತಂತಿ ತೆಳ್ಳಗಿದ್ದರೆ ಬೇಣದ ಬಿಸಿಲು ದಾರಿಯಲ್ಲೇ ಮುಗಿಯುತ್ತದೆ. ಹತ್ತು ಮೀಟರ್ ದೂರಕ್ಕೆ ಹೋಗಿ ಬರುವ ತಂತಿ ಇಪ್ಪತ್ತು ಮೀಟರ್. ಒಂದೂವರೆ ಚದರ ಮಿಲಿಮೀಟರಿನ ತಾಮ್ರದಲ್ಲಿ ಐದೂವರೆ ಆಂಪಿಯರ್ ಹರಿದರೆ 1.3 ವೋಲ್ಟ್ ಕರಗುತ್ತದೆ, ಹದಿನೆಂಟರಲ್ಲಿ ಶೇ 7. ನಾಲ್ಕು ಚದರ ಮಿಲಿಮೀಟರಿನದು ಹಾಕಿದರೆ ಅರ್ಧ ವೋಲ್ಟಿನೊಳಗೆ. ಸೋಲಾರಿಗೆಂದೇ ಮಾಡಿದ, ಬಿಸಿಲು ತಾಳುವ ಹೊದಿಕೆಯ ತಂತಿಯನ್ನೇ ಕೊಳ್ಳಿ, ಮನೆ ವೈರಿಂಗಿನದು ಎರಡು ಬೇಸಿಗೆಗೆ ಸೀಳುತ್ತದೆ.

ಕಂಟ್ರೋಲರಿನಲ್ಲಿ ಪಿಡಬ್ಲ್ಯೂಎಂ ಅಗ್ಗ, ಎಂಪಿಪಿಟಿ ದುಬಾರಿ. ಮೊದಲನೆಯದು ಪ್ಯಾನೆಲಿನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ಹೆಚ್ಚಿನದ್ದನ್ನು ಕಳೆಯುತ್ತದೆ. ಎರಡನೆಯದು ಆ ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಮಾಡಿಕೊಡುತ್ತದೆ. ಒಂದೇ ಪ್ಯಾನೆಲಿಗೆ ವ್ಯತ್ಯಾಸ ಶೇ 10ರಿಂದ 20. ಜುಲೈಯ ನೂರರಲ್ಲಿ ಅದೂ ನನಗೆ ಬೇಕಿತ್ತು. ಹೆಸರು ಮಾತ್ರ ಎಂಪಿಪಿಟಿ ಎಂದು ಬರೆದ, ಒಳಗೆ ಪಿಡಬ್ಲ್ಯೂಎಂ ಇರುವ ಡಬ್ಬಿಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಒಳ್ಳೆಯ ಬಿಸಿಲಿನಲ್ಲಿ ಪ್ಯಾನೆಲಿನಿಂದ ಬರುವ ಆಂಪಿಯರಿಗಿಂತ ಬ್ಯಾಟರಿಗೆ ಹೋಗುವ ಆಂಪಿಯರ್ ಹೆಚ್ಚಿದ್ದರೆ ಅದು ನಿಜವಾದ ಎಂಪಿಪಿಟಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬಿಸಿಲಿದ್ದಾಗ ಪ್ಯಾನೆಲ್ ತಂತಿಯ ಎಂಸಿ4 ಕೊಂಡಿಯನ್ನು ಎಳೆದು ಬಿಚ್ಚಿದರೆ ಕಿಡಿ ಹಾರುತ್ತದೆ, ಪ್ಯಾನೆಲನ್ನು ಕವುಚಿ ಹಾಕಿ ಬಿಚ್ಚಿ. ಬ್ಯಾಟರಿಯ ಧನ ತುದಿಯಿಂದ ಗೇಣುದೂರದಲ್ಲೇ 15 ಅಥವಾ 20 ಆಂಪಿಯರಿನ ಫ್ಯೂಸ್ ಕಡ್ಡಾಯ. ಬ್ಯಾಟರಿಯ ಬಗೆ ಲಿಥಿಯಂ ಎಂದು ಕಂಟ್ರೋಲರಿನಲ್ಲಿ ಆರಿಸುವುದನ್ನು ಮರೆಯಬೇಡಿ.

ದೀಪ, ಮೊಬೈಲ್, ನೆಬ್ಯುಲೈಸರ್ ಎಲ್ಲವೂ ನಮ್ಮಲ್ಲಿ ನೇರ 12 ವೋಲ್ಟ್ ಅಥವಾ ಯುಎಸ್‌ಬಿಯಿಂದ ನಡೆಯುತ್ತವೆ. ಇಂಟರ್ನೆಟ್ ಪೆಟ್ಟಿಗೆಗೂ 12 ವೋಲ್ಟೇ ಸಾಕು, ಆದರೆ ಬ್ಯಾಟರಿ ಚಾರ್ಜ್ ಆಗುವಾಗ 14 ದಾಟುವುದರಿಂದ ನಡುವೆ ಸ್ಥಿರ 12 ಕೊಡುವ ಪುಟ್ಟ ಪರಿವರ್ತಕ ಇಟ್ಟಿದ್ದೇನೆ. ಮೊಬೈಲ್ ಟವರ್ ಸತ್ತ ಎಷ್ಟೋ ರಾತ್ರಿ ಫೈಬರ್ ಇಂಟರ್ನೆಟ್ ಬದುಕಿತ್ತು. ಮೊಬೈಲನ್ನು ಪ್ಯಾನೆಲಿನ ಯುಎಸ್‌ಬಿಗೆ ನೇರ ಹಚ್ಚಬೇಡಿ. ಮೋಡ ಹಾದಾಗಲೆಲ್ಲ ಚಾರ್ಜ್ ಕಡಿದು ಕೂಡಿ, ಕೊನೆಗೆ ನಿಂತೇಬಿಡುತ್ತದೆ. ಹಗಲು ಪವರ್ ಬ್ಯಾಂಕ್ ತುಂಬಿಸಿ, ರಾತ್ರಿ ಅದರಿಂದ ಮೊಬೈಲ್ ತುಂಬಿಸುವುದು ಕ್ರಮ.

ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಮತ್ತು 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಇದ್ದವರು ಹೊಸ ಬ್ಯಾಟರಿಯನ್ನೇ ಕೊಳ್ಳಬೇಕಿಲ್ಲ. ಕಂಟ್ರೋಲರ್ ಮೂಲಕ ಪ್ಯಾನೆಲನ್ನು ಆ ಬ್ಯಾಟರಿಗೇ ಹಚ್ಚಬಹುದು. ಅದು ನಿಜವಾಗಿ ತುಂಬಬೇಕಾದರೆ 250-300 ವ್ಯಾಟ್ ಬೇಕು. ನೂರು ವ್ಯಾಟ್ ತುರ್ತಿನ ಆಸರೆಗೆ ಮಾತ್ರ. ಒಂದು ಸಂಗತಿ ಮಾತ್ರ ತಿಳಿದಿರಲಿ: ಇನ್ವರ್ಟರ್ ಏನೂ ಉರಿಸದೆ ಸುಮ್ಮನೆ ಆನ್ ಇದ್ದರೂ 10ರಿಂದ 20 ವ್ಯಾಟ್ ತಿನ್ನುತ್ತದೆ. ಹದಿನೈದೆಂದು ಹಿಡಿದರೆ ದಿನಕ್ಕೆ 360 ವ್ಯಾಟ್-ಅವರ್. ನನ್ನ ಜುಲೈ ಪ್ಯಾನೆಲಿನ ಮೂರೂವರೆ ದಿನದ ದುಡಿಮೆ! ಮಾವನಿಗೆ ಬೇಕಾದ ಹತ್ತು ನಿಮಿಷವನ್ನು ಆ ವರ್ಷ ತಿಂದುಹಾಕಿದ್ದು ಅದೇ. ಉದ್ದ ಕರೆಂಟ್ ಹೋದಾಗ ಮಲಗುವ ಮೊದಲು ಇನ್ವರ್ಟರಿನ ಸ್ವಿಚ್ ಆಫ್ ಮಾಡಿ.

ಇನ್ನೊಂದನ್ನು ಕೈಮುಗಿದು ಕೇಳುತ್ತೇನೆ. ಎರಡೂ ತುದಿಗೆ ಪ್ಲಗ್ ಇರುವ ತಂತಿಯಿಂದ ಪವರ್ ಸ್ಟೇಷನ್ನಿನ 230 ವೋಲ್ಟನ್ನು ಗೋಡೆಯ ಸಾಕೆಟ್ಟಿಗೆ ಊಡಬೇಡಿ. ಮೇನ್ ಇಳಿಸಲು ಮರೆತರೆ ಆ ಕರೆಂಟ್ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, ಸತ್ತಿದೆಯೆಂದು ನಂಬಿ ಹಿಡಿದ ಲೈನಿನೊಳಗೆ ಬರುತ್ತದೆ. ನಮ್ಮೂರಿನ ಲೈನ್‌ಮ್ಯಾನ್ ಆ ಐದು ದಿನ ಸೊಂಟಮಟ್ಟ ನೀರಿನಲ್ಲಿ ಗದ್ದೆ ದಾಟಿ ಬಂದು ಕಂಬ ಹತ್ತಿದ್ದನ್ನು ನಾನು ಕಂಡಿದ್ದೇನೆ. ಅವರ ಕೈಯಲ್ಲಿರುವ ತಂತಿಗೆ ನಮ್ಮ ಮನೆಯಿಂದ ಕರೆಂಟ್ ಹೋಗಕೂಡದು.

ಮೇ ತಿಂಗಳ ಕೊನೆಯ ಭಾನುವಾರ ನಮ್ಮಲ್ಲಿ ಮೇನ್ ಸ್ವಿಚ್ ಇಳಿಸುತ್ತೇವೆ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಇಡೀ ಮನೆ ಈ ಪ್ಯಾನೆಲ್, ಈ ಬ್ಯಾಟರಿಯ ಮೇಲೆ. ಕಳೆದ ಸಲ ಸಂಜೆ ಜಗಲಿಯ ದೀಪ ಹೊತ್ತಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಫ್ಯೂಸಿನ ಹಿಡಿಕೆಗೆ ತುಕ್ಕು ಹತ್ತಿತ್ತು. ಮರಳುಕಾಗದದಿಂದ ಉಜ್ಜಿ, ಹೊಸ ಫ್ಯೂಸ್ ಕೂರಿಸಿ, ಇನ್ನೆರಡನ್ನು ಅದೇ ಡಬ್ಬಿಯ ಒಳಮೈಗೆ ಅಂಟಿಸಿಟ್ಟೆವು. ಮಾವ ತಾವೇ ನೆಬ್ಯುಲೈಸರ್ ಹಚ್ಚಿ ಹತ್ತು ನಿಮಿಷ ಕೂತು, ಪರದೆಯಲ್ಲಿ ಎಷ್ಟು ಉಳಿದಿದೆ ಎಂದು ಓದಿ ಹೇಳಿದರು: ಶೇ 91.